ಸೀಮೆ ನೂಲಿನ ಅಂಗಡಿ

ತನ್ನ ಅಂಗಡಿಯ ಬಾಗಿಲಿಗೆ ತಾನೇ ಅಡ್ಡ ನಿಂತು, ಬಂದ ಗಿರಾಕಿಗೆ ಕೈಮುಗಿದು ವಾಪಸು ಕಳಿಸಿದ ವ್ಯಾಪಾರಿಯನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನು ಬಂತು, ಅವರ ಮನೆಯಲ್ಲೇ ಬಾಳಿದ್ದೇನೆ! ಅವರು ನನ್ನ ತಾಯಿಯ ಅಣ್ಣ. ಅವರ ಮಗನನ್ನೇ ಕಟ್ಟಿಕೊಂಡದ್ದರಿಂದ ಗಂಡನ ಅಪ್ಪನೂ ಹೌದು. ಎರಡು ಕಡೆಯಿಂದಲೂ ಮಾವ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಸೇಲಂನಲ್ಲಿ ನಮ್ಮದು ಕನ್ನಡ ಮಾತಾಡುವ ನೇಕಾರರ ಬೀದಿ. ಬೀದಿಗೆ ಬೀದಿಯೇ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದಾಗ ಈ ಮಹಾನುಭಾವರಿಗೆ ಮಾತ್ರ ಪುಸ್ತಕದ ಅಂಗಡಿ ಇಡಬೇಕೆನಿಸಿತು. ಮಂಡಿ ಸವೆಯುವವರೆಗೆ ನೇಯ್ದಿದ್ದರು. ಇನ್ನು ಸಾಯುವತನಕ ಮಗ್ಗಕ್ಕೆ ಇಳಿಯಬಾರದು ಎಂಬುದೊಂದೇ ಅವರ ಆಸೆ. ಸರಿ, ಅಂಗಡಿ ಇಡಲಿ. ಬೋರ್ಡನ್ನಾದರೂ ನೆಟ್ಟಗೆ ಬರೆಸಬಾರದೇ? ಓದು ಬಂದವರಿಗೆಲ್ಲ ತಮಿಳೇ ಬರುವುದೆಂದು ತಮಿಳಿನಲ್ಲಿ ಬರೆಸಿದರು, ಅದೂ ಪಂಡಿತರ ತಮಿಳು. ‘ಸೀಮೆ ನೂಲು, ನಾಟು ನೂಲು ಎಲ್ಲವೂ ಇಲ್ಲಿ ಸಿಗುತ್ತದೆ’ ಎಂದು. ಸೀಮೆಯದೆಂದರೆ ವಿಲಾಯತಿಯದು, ನಾಟು ಎಂದರೆ ನಮ್ಮ ನಾಡಿನದು. ತಮಿಳು ಪಂಡಿತರಿಗೆ ನೂಲು ಎಂದರೆ ಪುಸ್ತಕ. ನಮ್ಮ ಬೀದಿಗೆ ನೂಲು ಎಂದರೆ ಮಗ್ಗಕ್ಕೆ ಹಾಕುವ ನೂಲು!

ದಿನಾ ಒಬ್ಬಿಬ್ಬರಾದರೂ ನಲವತ್ತನೇ ನಂಬರಿನ ನೂಲು ಕೇಳಿಕೊಂಡು ಬರುವರು. ಮಾವ ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ ನಲವತ್ತು ಪುಟದ ಪುಸ್ತಕವೊಂದನ್ನು ಮುಂದಿಡುವರು. ಬೋರ್ಡು ಬದಲಾಯಿಸಿ ಎಂದು ಅತ್ತೆ ಬಡಕೊಂಡರೆ, "ತಪ್ಪಿ ಬಂದೋರಾದ್ರೂ ಪುಸ್ತಕ ಮುಟ್ಟಿ ಓಗ್ಲಿ ಬಿಡು" ಎನ್ನುವರು.

ಅಷ್ಟರಲ್ಲಿ ಸೀಮೆ ಮಾಲು ಮುಟ್ಟಬಾರದೆಂಬ ಚಳವಳಿ ನಮ್ಮ ಬೀದಿಗೂ ಬಂತು. ಮೂವತ್ತರ ದಶಕ ಆಗತಾನೇ ಕಣ್ಣು ಬಿಡುತ್ತಿದ್ದ ಕಾಲ. ಬೀದಿಯವರೆಲ್ಲ ಸಭೆ ಸೇರಿ, ಸೀಮೆ ನೂಲು ಮಾರುವ ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಆಣೆ ಇಟ್ಟರು. ಮೊದಲು ಕೈ ಎತ್ತಿದವರು ಯಾರು? ನಮ್ಮ ಮಾವ! ಆಮೇಲೆ ಯಾರೋ ಪುಣ್ಯಾತ್ಮ ಬೀದಿಯುದ್ದಕ್ಕೂ ಬೋರ್ಡು ಓದಿಕೊಂಡು ಹೋಗಿ ಅಂಥ ಅಂಗಡಿಗಳ ಪಟ್ಟಿ ಬರೆದ. ಪಟ್ಟಿಯಲ್ಲಿ ಮೊದಲ ಹೆಸರು ಯಾರದೆಂದು ನಾನು ಬಾಯಿ ಬಿಟ್ಟು ಹೇಳಬೇಕೇ?

ಮಾರನೆಯ ಬೆಳಗ್ಗೆ ಇಬ್ಬರು ಸ್ವಯಂಸೇವಕರು ಬಂದು ಬಾಗಿಲಿಗೆ ಅಡ್ಡ ನಿಂತರು. ಮಾವ ಅವರನ್ನು ಒಳಗೆ ಕರೆದು ಪುಸ್ತಕ ತೋರಿಸಿದರು. ಪಾಪ, ಅವರಿಗೂ ತಪ್ಪು ತಿಳಿಯಿತು. ಆದರೂ ಒಬ್ಬ, ನೂಲಿನ ಮಾತು ಹೋಗಲಿ, ಸೀಮೆಯದು ಬೇರೇನಾದರೂ ಇದೆಯೇ ಎಂದು ಕೇಳಿದ. ಇಲ್ಲ ಎಂದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಹರಿಶ್ಚಂದ್ರರು ಹೈಸ್ಕೂಲಿನವರಿಗೆಂದು ತರಿಸಿದ್ದ ಇಂಗ್ಲಿಷ್ ಪುಸ್ತಕವೊಂದನ್ನು ತಿರುವಿ ನೋಡಿದರು. ಲಂಡನ್ನಿನಲ್ಲಿ ಅಚ್ಚಾದದ್ದು! "ಐತೆ" ಎಂದರು. ಅವರ ಜೊತೆಗೇ ಮೆಟ್ಟಿಲಿಳಿದು ಬಂದು, ಬಾಗಿಲಿಗೆ ಅಡ್ಡ ಅವರಿಬ್ಬರ ಪಕ್ಕದಲ್ಲಿ ಮೂರನೆಯವರಾಗಿ ನಿಂತುಬಿಟ್ಟರು.

ಮಧ್ಯಾಹ್ನ ಊಟ ತಂದ ಅತ್ತೆ ಅದನ್ನು ನೋಡಿ, "ನಿಲ್ಲೋದೇ ಆದ್ರೆ ಬ್ಯಾರೆಯೋರ ಅಂಗ್ಡಿ ಮುಂದೆ ನಿಂತ್ಕೋಬಾರ್ದಾ?" ಎಂದು ಕೇಳಿದರು. ಊಟವನ್ನು ಮಾತ್ರ ಮೂವರಿಗೂ ಬಡಿಸಿದರು ಅನ್ನಿ.

ಇಂಗ್ಲಿಷ್ ಪುಸ್ತಕಗಳು ರೈಲು ಹತ್ತಿ ಮದ್ರಾಸಿಗೆ ವಾಪಸು ಹೋದವು. ಸ್ವಯಂಸೇವಕರೂ ಕೈಮುಗಿದು ಹೊರಟರು. ಬೋರ್ಡೂ ಕೆಳಗಿಳಿಯಿತು. ಹೆಸರು ಇಳಿಯಬೇಕಲ್ಲ? ಸೀಮೆ ನೂಲಿನ ಅಂಗಡಿ ಎಂದು ಜನ ಬೀದಿಯ ಎದುರು ಬದಿಯಲ್ಲೇ ನಡೆದುಹೋಗುತ್ತಿದ್ದರು. ಅದು ಪುಸ್ತಕದ ಅಂಗಡಿ ಎಂದು ಗೊತ್ತಿದ್ದವರಿಗೂ ಯಾರಾದರೂ ಕಂಡಾರೆಂಬ ಭಯ. ಮಾವ ಮಳಿಗೆಯಲ್ಲಿ ಒಬ್ಬರೇ ಕೂತು ಮೂರು ತಿಂಗಳು ಕಾದರು. ಕೊನೆಗೆ ಆ ಜಾಗಕ್ಕೆ ಬೆಳ್ಳಿ ಕಾಲ್ಗೆಜ್ಜೆ ಮಾಡುವವರು ಬಂದರು. ಮಾವ ಮಂಡಿ ನೀವಿಕೊಂಡು ಮತ್ತೆ ಮಗ್ಗಕ್ಕೆ ಇಳಿದರು.

ನನಗೆ ಹೊಟ್ಟೆ ಉರಿದುಹೋಯಿತು. ಪಟ್ಟಿ ಬರೆದವನ ಕೈ ಸೇದಿಹೋಗ ಎಂದು ಬೈದೆ. ಮಾವ ಲಾಳಿ ನಿಲ್ಲಿಸಿದರು.

"ಬಯ್ಬ್ಯಾಡ ಅಮ್ಮಣಿ. ಆಣೆ ಸರಿಯಾಗೇ ಐತೆ. ಅವ್ನು ಓದೋದ್ರಾಗೆ ತಪ್ಪಿದ, ಅಷ್ಟೇಯಾ. ನೀನಾಗಿದ್ರೆ ಅಷ್ಟೂ ಓದಾಕಾಗ್ತಿರ್ಲಿಲ್ಲ."

ನಿಜವೇ. ನನಗೆ ಒಂದಕ್ಷರವೂ ಬರುತ್ತಿರಲಿಲ್ಲ. ಅಂದೇ ಮಾವ ಮಾರಾಟವಾಗದೆ ಉಳಿದ ಕನ್ನಡ ಪುಸ್ತಕಗಳನ್ನು ನನ್ನ ರಾಟೆಯ ಪಕ್ಕ ಪೇರಿಸಿ, ಮಗ್ಗದಲ್ಲಿ ಕೂತೇ ಪಾಠ ಶುರುಮಾಡಿದರು. ನಾನು ಓದಬೇಕು, ಅವರು ನೇಯಬೇಕು. ಅಕ್ಷರ ತಪ್ಪಿದರೆ ಲಾಳಿ ನಿಲ್ಲುತ್ತಿತ್ತು. ನಾನು ತಪ್ಪದೆ ಇದ್ದದ್ದಾದರೂ ಯಾವಾಗ? ಒಂದು ಸೀರೆಗೆ ಒಂದೂವರೆ ತಿಂಗಳು ಹಿಡಿಯಿತು! ಇದು ಮಗ್ಗದಿಂದ ಇಳಿಯುವುದರೊಳಗೆ ಉಡುವವಳು ಮುದುಕಿಯಾಗುತ್ತಾಳೆ ಎಂದು ಅತ್ತೆ ಗೊಣಗಿದರು.

ಒಂದು ಬೆಳಗ್ಗೆ ಹೊಸ ಪುಟ ಹಿಡಿದೆ. ಲಾಳಿ ಓಡುತ್ತಿತ್ತು. ಅರ್ಧ ಪುಟವಾಯಿತು, ಓಡುತ್ತಿತ್ತು. ಪುಟ ಮುಗಿಯಿತು, ಲಾಳಿ ನಿಲ್ಲಲೇ ಇಲ್ಲ. ತಲೆ ಎತ್ತಿ ನೋಡಿದರೆ ಮಾವನ ಕಣ್ಣಿಂದ ನೀರು ಇಳಿಯುತ್ತಿದೆ. ಒರೆಸಿಕೊಂಡರೆ ಲಾಳಿ ನಿಲ್ಲುತ್ತದೆಂದು ಒರೆಸಿಕೊಳ್ಳದೆ ನೇಯುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ. ಕಾಲು ಮುಟ್ಟಿ ನಮಸ್ಕಾರ ಮಾಡೋಣವೆಂದು ಎದ್ದೆ. ಮಾವನ ಕಾಲುಗಳು ಮಗ್ಗದ ಗುಂಡಿಯ ಒಳಗಿದ್ದವು. ಗುಂಡಿಯ ಅಂಚಿಗೇ ಹಣೆ ಮುಟ್ಟಿಸಿದೆ.