ಸ್ಪ್ಯಾಮಿಗೆ ಬಿದ್ದ ನಮ್ಮತ್ತೆಯ ಕೊಟೇಶನ್

ನಮ್ಮ ಸೋದರತ್ತೆಯ ಇಮೇಲಿಗೆ ಹೆದರದ ಕಂಪ್ಯೂಟರ್ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ತಾಲ್ಲೂಕಿನಲ್ಲಿ ಹುಡುಕಿದರೂ ಸಿಕ್ಕದು! ಬ್ಯಾಂಕಿನವರ ವೇಷದಲ್ಲಿ ಪಿನ್ ನಂಬರ್ ಕೇಳುವ ಕಳ್ಳರ ಮೇಲ್ ರಾಜಾರೋಷವಾಗಿ ಇನ್‌ಬಾಕ್ಸಿಗೆ ಬಂದು ಕೂರುತ್ತದೆ. ಮಕ್ಕಳಿಗೆ ಯೂನಿಫಾರಂ ಹೊಲಿದುಕೊಡುತ್ತೇನೆ ಎಂದು ಬರೆಯುವ ನಮ್ಮತ್ತೆಯ ಮೇಲನ್ನು ಮಾತ್ರ ಕಂಪ್ಯೂಟರು ಕತ್ತು ಹಿಡಿದು ಸ್ಪ್ಯಾಮಿಗೆ ದಬ್ಬುತ್ತದೆ. ಸ್ಪ್ಯಾಮ್ ಎಂದರೆ ಗೊತ್ತಲ್ಲ, ಬೇಡದ ಮೇಲುಗಳನ್ನೆಲ್ಲ ಕೂಡಿಹಾಕುವ ಕತ್ತಲಕೋಣೆ.

ಅತ್ತೆಗೆ ಕಡೂರಿನಲ್ಲಿ ಒಂದು ಹೊಲಿಗೆ ಘಟಕವಿದೆ. ಅಕ್ಕಪಕ್ಕದ ಬೀದಿಯ ಹೆಂಗಸರೇ ಅಲ್ಲಿ ಕೆಲಸದವರು. ಶಾಲೆಗಳಿಂದ ಆರ್ಡರ್ ಬಂದರೆ ಮಷಿನ್ನುಗಳು ಓಡುತ್ತವೆ, ಬರದಿದ್ದರೆ ಅವರೆಲ್ಲ ಬೆಳಗಿನ ಬಸ್ಸು ಹತ್ತಿ ದೂರದ ಗಾರ್ಮೆಂಟ್ಸ್ ಸೇರಬೇಕು. ಈಗ ಶಾಲೆಗಳು ಕೊಟೇಶನ್ನನ್ನು ಮೇಲಿನಲ್ಲೇ ಕೇಳುತ್ತವೆ. ನಾನು ತರೀಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಹಾಗಾಗಿ ನಮ್ಮ ವಂಶದ ಕಂಪ್ಯೂಟರ್ ತಜ್ಞ ನಾನೇ. ಬೇರೆ ಯಾರಿದ್ದಾರೆ?

"ಲೇ, ನನ್ನ ಮೇಲ್ ಯಾವ ಸ್ಕೂಲಿಗೂ ಮುಟ್ತಿಲ್ಲ ಕಣೋ. ಬಂದು ನೋಡು" ಎಂದು ಫೋನ್ ಬಂತು. ಹೋಗಿ ಅತ್ತೆಯ ಕಂಪ್ಯೂಟರ್ ತೆರೆದರೆ ಕಣ್ಣು ಕುಕ್ಕಿತು. ಮೇಲ್ಗಡೆ ಗಣೇಶ. ಎರಡೂ ಬದಿಗೆ ಗುಲಾಬಿ. ಅಕ್ಷರವೆಲ್ಲ ಕೆಂಪು. ವಿಷಯ ಎನ್ನುವ ಕಡೆ "ಅರ್ಜೆಂಟ್!!! ಅರ್ಜೆಂಟ್!!!" ಒಳಗೆ "ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ಬಟ್ಟೆಯನ್ನು ಮುಟ್ಟಿ ನೋಡಿ, ಆರ್ಡರ್ ನೀಡಿ ಹರಸಬೇಕಾಗಿ ವಿನಂತಿ."

"ಅತ್ತೆ, ಇದು ಕೊಟೇಶನ್ನೋ ಲಗ್ನಪತ್ರಿಕೆಯೋ?"

"ಮತ್ತೆ? ಬರೀ ಕಪ್ಪಕ್ಷರದಲ್ಲಿ ಕಳ್ಸೋಕೆ ಇದೇನು ತಿಥಿ ಕಾರ್ಡಾ?"

ಯಾರಿಗೆಲ್ಲ ಕಳಿಸಿದ್ದಾರೆ ಎಂದು ನೋಡಿದೆ. ಶಾಲೆಗಳ ಜೊತೆಗೆ ಹಿರೇನಲ್ಲೂರಿನ ಬೀಗರು, ಕೆಮ್ಮಣ್ಣುಗುಂಡಿಯಲ್ಲಿ ಒಮ್ಮೆ ರೂಮ್ ಕೊಟ್ಟಿದ್ದ ಲಾಡ್ಜಿನವರು, ಗ್ಯಾಸ್ ಏಜೆನ್ಸಿ, ಎಲ್ಲರಿಗೂ ಒಂದೇ ಏಟಿಗೆ ಶಾಲಾ ಚಡ್ಡಿಯ ಕೊಟೇಶನ್!

"ಇವರಿಗೆಲ್ಲ ಯಾಕತ್ತೆ?"

"ಒಬ್ಬರಿಗೆ ಹೇಳಿ ಇನ್ನೊಬ್ಬರನ್ನ ಬಿಟ್ರೆ ಬೇಜಾರು ಮಾಡ್ಕೊಳಲ್ವೇನೋ?"

ಬೇಜಾರು ಮಾಡಿಕೊಳ್ಳದೆ ಉತ್ತರ ಬರೆದವರು ಗ್ಯಾಸ್ ಏಜೆನ್ಸಿಯವರು ಒಬ್ಬರೇ. "ಮೇಡಂ, ನಮ್ಮಲ್ಲಿ ಮಕ್ಕಳಿಲ್ಲ, ಸಿಲಿಂಡರ್ ಮಾತ್ರ."

ತಾಳ್ಮೆಯಿಂದ ವಿವರಿಸಿದೆ. ಪ್ರತಿ ಮೇಲ್ ಪೆಟ್ಟಿಗೆಗೂ ಒಬ್ಬ ವಾಚ್‌ಮನ್ ಇರುತ್ತಾನೆ. ಕೆಂಪಕ್ಷರ, ಅರ್ಜೆಂಟು, ಆಶ್ಚರ್ಯ ಚಿಹ್ನೆ, ನೂರಾರು ಜನಕ್ಕೆ ಒಂದೇ ಕಾಗದ, ಇದನ್ನೆಲ್ಲ ಕಂಡರೆ ಅವನು ಮೋಸಗಾರರೆಂದು ಹೊರಗೆ ಹಾಕುತ್ತಾನೆ. ಜೊತೆಗೆ, ಈ ಮೇಲ್ ನಿಜವಾಗಿ ನಮ್ಮದೇ ಎಂದು ಹೇಳುವ ಒಂದು ದಾಖಲೆಯನ್ನು ಘಟಕದ ವೆಬ್ ವಿಳಾಸಕ್ಕೆ ಸೇರಿಸಬೇಕು.

"ಅಂದ್ರೆ ಜಮೀನಿನ ಹಾಗೆ ಮೇಲ್‌ಗೂ ಖಾತೆ ಮಾಡಿಸ್ಬೇಕು ಅನ್ನು."

"ಹೆಚ್ಚುಕಮ್ಮಿ ಹಾಗೇ."

"ಅದಕ್ಕೆ ಅಮಲ್ದಾರ್ ಯಾರು? ನಾನೇ ಹೋಗಿ ಮಾತಾಡ್ತೀನಿ."

ಅಮಲ್ದಾರರಿಲ್ಲದ ಖಾತೆಯನ್ನು ಅತ್ತೆ ನಂಬಲಿಲ್ಲ. ಆದರೂ ನಾನು ದಾಖಲೆ ಸೇರಿಸಿದೆ, ಬೀಗರನ್ನೂ ಸಿಲಿಂಡರನ್ನೂ ತೆಗೆದುಹಾಕಿದೆ, ಗಣೇಶನಿಗೆ ಕೈಮುಗಿದು ಬೀಳ್ಕೊಟ್ಟೆ. "ಒಂದೇ ಒಂದು ಗುಲಾಬಿ ಇರ್ಲಿ ಕಣೋ" ಎಂದು ಅತ್ತೆ ಅಂಗಲಾಚಿದರು. ನಾನು ಕಲ್ಲಿನ ಹಾಗೆ ಕೂತಿದ್ದೆ.

ಇಷ್ಟಾದರೂ ಅತ್ತೆ ತಮ್ಮ ಪದ್ಧತಿ ಬಿಡಲಿಲ್ಲ. ನಮ್ಮ ಕಡೆ ಲಗ್ನಪತ್ರಿಕೆ ಕೊಟ್ಟ ಮಾತ್ರಕ್ಕೆ ಕರೆದಂತಲ್ಲ, ಮನೆಗೆ ಹೋಗಿ ಬಾಯಲ್ಲೂ ಹೇಳಬೇಕು. ಅತ್ತೆ ಮೇಲಿಗೂ ಅದನ್ನೇ ಜಾರಿ ಮಾಡಿದರು! ಮೇಲ್ ಕಳಿಸಿದ ಮರುದಿನ ಬಸ್ಸು ಹತ್ತಿ ಶಾಲೆಗೆ ಹೋಗುವುದು, "ಮೇಲ್ ಹಾಕಿದ್ದೀನಿ ಕಣ್ರೀ, ತಪ್ಪದೆ ನೋಡ್ಬೇಕು" ಎನ್ನುವುದು. ಸ್ಪ್ಯಾಮಿನಲ್ಲಿದ್ದರೆ ಪಕ್ಕದಲ್ಲೇ ನಿಂತು "ಇದು ಸ್ಪ್ಯಾಮ್ ಅಲ್ಲ" ಎಂಬುದನ್ನು ಒತ್ತಿಸುವುದು. ಒಮ್ಮೆ ಅಜ್ಜಂಪುರದಿಂದ ಕೆಂಡವಾಗಿ ಬಂದರು. "ಲಾಟರಿ ಹೊಡೀತು ಅಂತ ಸುಳ್ಳು ಹೇಳೋರ ಪಕ್ಕ ನನ್ನ ಕೂರಿಸಿದ್ದಾರೆ ಕಣೋ! ಕಡೂರಲ್ಲಿ ನಾನ್ಯಾರು ಅಂತ ಯಾರನ್ನಾದ್ರೂ ಕೇಳ್ಬಾರ್ದಾ ಆ ವಾಚ್‌ಮನ್ನು?"

ನಿಜ ಹೇಳಬೇಕೆಂದರೆ ನನ್ನ ರಿಪೇರಿ ಫಲಿಸಿತ್ತು. ಕಡೂರಿನ, ತರೀಕೆರೆಯ ಶಾಲೆಗಳಿಗೆ ಮೇಲ್ ನೆಟ್ಟಗೆ ತಲುಪತೊಡಗಿತು. ಅಜ್ಜಂಪುರದ ವಸತಿ ಶಾಲೆಯಲ್ಲಿ ಮಾತ್ರ ಪ್ರತಿ ಸಲವೂ ಸ್ಪ್ಯಾಮೇ. ಅತ್ತೆ ಹೋಗಿ ಬಿಡಿಸಿಕೊಂಡು ಬರುವುದು, ಮುಂದಿನ ಮೇಲ್ ಮತ್ತೆ ಒಳಗೆ ಬೀಳುವುದು. ಘಟಕಕ್ಕೆ ವರ್ಷದ ಮುಕ್ಕಾಲು ಕೆಲಸ ಕೊಡುವುದೇ ಆ ಶಾಲೆ! ನಾನು ತಲೆ ಕೆರೆದುಕೊಂಡೆ, ದಾಖಲೆಯನ್ನು ಅಳಿಸಿ ಮತ್ತೆ ಬರೆದೆ, ಅಲ್ಲಿನ ವಾಚ್‌ಮನ್ ಯಾವುದಕ್ಕೂ ಬಗ್ಗಲಿಲ್ಲ.

ಈ ವರ್ಷದ ಕೊಟೇಶನ್ ಕಳಿಸಿದ ದಿನವೇ ಅತ್ತೆ ಬಚ್ಚಲಲ್ಲಿ ಜಾರಿ ಕಾಲಿಗೆ ಪಟ್ಟಿ ಹಾಕಿಸಿಕೊಂಡರು. ಶಾಲೆಯಿಂದ ಉತ್ತರವಿಲ್ಲ. ಫೋನ್ ಮಾಡಿದರೆ ಎತ್ತುವವರಿಲ್ಲ. ಕೊಟೇಶನ್ ಸೇರಬೇಕಾದ ಕೊನೆಯ ದಿನ ಹತ್ತಿರ ಬಂತು. ಹೊಲಿಗೆಯ ಹೆಂಗಸರು ಅತ್ತೆಯ ಮಂಚದ ಸುತ್ತ ಕೂತಿದ್ದರು. ಕಟಿಂಗ್ ಮಾಡುವ ಶಬಾನಾ ಮೆಲ್ಲಗೆ, "ಗಾರ್ಮೆಂಟ್ಸ್‌ನೋರು ಹೆಸರು ಬರ್ಕೊಂಡು ಹೋಗ್ಯವ್ರೆ ಅಕ್ಕ, ನಾನಿನ್ನೂ ಹೂಂ ಅಂದಿಲ್ಲ" ಎಂದಳು. ಯಾವಾಗಲೂ ಗುಡುಗುವ ಅತ್ತೆ ನನ್ನ ಕೈ ಹಿಡಿದು, "ನೀನೇ ಹೋಗಿ ಬಾರೋ" ಎಂದಷ್ಟೇ ಹೇಳಿದರು. ಆ ದನಿ ಕೇಳಿ ನನಗೆ ಹೆದರಿಕೆಯಾಯಿತು.

ಅಜ್ಜಂಪುರದ ಶಾಲೆಯ ಆಫೀಸಿನಲ್ಲಿದ್ದವಳು ಒಬ್ಬ ಕ್ಲರ್ಕ್ ಹುಡುಗಿ. ವಿಜಯಪುರದ ಕಡೆಯವಳು, ಕೆಲಸ ಸಿಕ್ಕಿ ಒಬ್ಬಳೇ ಬಂದು ಬಾಡಿಗೆ ಕೋಣೆಯಲ್ಲಿದ್ದಾಳೆ. ನಾನು ಯಾರೆಂದು ಹೇಳುತ್ತಲೇ ನನ್ನ ಹಿಂದೆ ಬಾಗಿಲ ಕಡೆ ನೋಡಿದಳು.

"ಅತ್ತಿಯವ್ರು ಬರ್ಲಿಲ್ಲೇನ್ರಿ? ಆರಾಮ ಅದಾರಲ್ಲ?"

"ಕಾಲಿಗೆ ಪೆಟ್ಟಾಗಿದೆ. ಅವರ ಮೇಲ್ ಸ್ಪ್ಯಾಮಿನಲ್ಲಿದೆಯಾ ನೋಡ್ತೀರಾ?"

ಅವಳು ಕಂಪ್ಯೂಟರ್ ಕಡೆ ತಿರುಗಲೇ ಇಲ್ಲ. "ಅದರಾಗ ಅದ ರೀ" ಎಂದಳು.

"ನೋಡದೇ ಹೇಗೆ ಹೇಳ್ತೀರಿ?"

"ನಾನ ಹಾಕೀನ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಅವಳು ಗಾಬರಿಯಿಂದ, "ಪ್ರಿಂಟ್ ತಗದು ಸರ್ ಟೇಬಲ್ ಮ್ಯಾಗ ಮೊದಲ ಇಟ್ಟೀನ್ರಿ. ಕೊಟೇಶನ್ನಿಗೆ ಏನೂ ಆಗಿಲ್ಲ. ಪ್ರತಿ ಸಲ ಹಂಗ ಮಾಡ್ತೀನಿ" ಎಂದಳು.

"ಮತ್ತೆ ಸ್ಪ್ಯಾಮಿಗೆ ಯಾಕ್ರೀ ಹಾಕೋದು?"

"ಮುಟ್ಟಿತು ಅಂತ ಗೊತ್ತಾದ್ರ ಅವ್ರು ಬರಂಗಿಲ್ಲಲ್ರಿ." ತಲೆ ತಗ್ಗಿಸಿದಳು. "ಈ ಊರಿಗೆ ಬಂದಮ್ಯಾಗ ಉಂಡಿಯೇನವ್ವಾ ಅಂತ ನನ್ನ ಕೇಳಿದವ್ರು ಅವರೊಬ್ರ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಒಂದು ಕಡೆ ಸ್ಪ್ಯಾಮ್ ಎಂದು ಒತ್ತಿದರೆ ಉಳಿದ ವಾಚ್‌ಮನ್‌ಗಳಿಗೂ ಕೆಟ್ಟ ಹೆಸರು ಮುಟ್ಟಬಹುದು, ಅದರಿಂದ ಘಟಕಕ್ಕೇ ಪೆಟ್ಟು ಎಂದು ಮೆತ್ತಗೆ ಹೇಳಿದೆ. ಅವಳಿಗೆ ಅದು ಗೊತ್ತಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಅತ್ತೆಯ ಮೇಲುಗಳನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದಳು.

ಆರ್ಡರ್ ನಮಗೇ ಬಂತು. ಶಬಾನಾ ಗಾರ್ಮೆಂಟ್ಸಿಗೆ ಹೋಗಲಿಲ್ಲ. ಅತ್ತೆಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಸೆರಗಿನಿಂದ ಕಣ್ಣೊತ್ತಿಕೊಂಡರು. "ಇನ್ನು ಎಲ್ಲಾ ಕಡೆಗೂ ಮೇಲ್ ತಾನಾಗೇ ಹೋಗುತ್ತೆ ಅತ್ತೆ, ನೀನು ಬಸ್ಸು ಹತ್ತಿ ಅಲೆಯೋದೇ ಬೇಡ" ಎಂದೆ. ಹೂಂ ಎಂದರು.

ಕಾಲಿನ ಪಟ್ಟಿ ಬಿಚ್ಚಿದ ಮಾರನೇ ದಿನ ಫೋನ್ ಮಾಡಿದೆ. ಹಿಂದೆ ಬಸ್ಸಿನ ಸದ್ದು ಕೇಳಿಸಿತು.

"ಎಲ್ಲಿದ್ದೀಯ ಅತ್ತೆ?"

"ಅಜ್ಜಂಪುರಕ್ಕೆ ಹೊರಟಿದ್ದೀನಿ ಕಣೋ."

"ಯಾಕೆ, ಏನು ಮೇಲ್ ಕಳಿಸಿದ್ದೆ?"

"ಏನೂ ಕಳ್ಸಿಲ್ಲ" ಎಂದರು ಅತ್ತೆ.