ಜೆನೋವಾದವನ ಕೈಗೆ ಸಿಕ್ಕ ಮಂಜೆರಿಕೊ

"ಇವತ್ತು ಮಧ್ಯಾಹ್ನ ಈ ಲಿಸ್ಬನ್ ನಗರಕ್ಕೆ ಊಟ ಅಂದ್ರೆ ಏನು ಅಂತ ತೋರಿಸಿಬಿಡ್ತೀನಿ!" ಎಂದು ಫುಲ್ವಿಯೊ ಮರದ ಸೌಟನ್ನು ಖಡ್ಗದಂತೆ ಎತ್ತಿ ಹಿಡಿದು ಘೋಷಿಸಿದ.

"ಇಡೀ ನಗರಕ್ಕೆ ಯಾಕೆ ಅಷ್ಟು ಕಷ್ಟ? ನನಗೊಬ್ಬಳಿಗೆ ತೋರಿಸು ಸಾಕು. ಹೊಟ್ಟೆ ಹಸೀತಿದೆ," ಎಂದಳು ಜಂದಿರಾ, ಪುಸ್ತಕದಿಂದ ತಲೆ ಎತ್ತದೆ.

ಫುಲ್ವಿಯೊ ಜೆನೋವಾದ ಹುಡುಗ. ಹಡಗು ಕಟ್ಟುವ ವಿದ್ಯೆ ಕಲಿಯಲೆಂದು ಲಿಸ್ಬನ್ನಿಗೆ ಬಂದವನು. ಆದರೆ ಬಂದ ದಿನದಿಂದ ಹಡಗಿಗಿಂತ ಹೆಚ್ಚಾಗಿ ಅದು ತೇಲುವ ನೀರನ್ನೇ ಅಭ್ಯಾಸ ಮಾಡುತ್ತಿದ್ದ. ತೇಜೊ ನದಿಯ ಮೇಲೆ ಒಂದಿಷ್ಟು ಬಿಸಿಲು ಮಿನುಗಿದರೆ ಸಾಕು, ಅವನ ಮನಸ್ಸು ಯಾವುದೋ ದೋಣಿ ಹತ್ತಿ ಹೊರಟುಬಿಡುತ್ತಿತ್ತು. ಆಮೇಲೆ ಹಾಲು ಉಕ್ಕಿದರೂ ತಿಳಿಯದು, ಹೆಸರು ಹಿಡಿದು ಕೂಗಿದರೂ ಕೇಳದು. ಒಮ್ಮೆ ಹೀಗೆಯೇ ಟ್ರಾಮಿನಲ್ಲಿ ಕೂತು ಕನಸು ಕಾಣುತ್ತ ಕೊನೆಯ ನಿಲ್ದಾಣ ಮುಟ್ಟಿ, ಅದೇ ಟ್ರಾಮಿನಲ್ಲಿ ವಾಪಸು ಹೊರಟು, ಇಳಿಯುವುದನ್ನು ಮರೆತು ಈ ಕಡೆಯ ಕೊನೆಯ ನಿಲ್ದಾಣವನ್ನೂ ಮುಟ್ಟಿದ್ದ! ಅಷ್ಟರಲ್ಲಿ ಕಾಲೇಜಿನಲ್ಲಿ ಪರೀಕ್ಷೆ ಮುಗಿದಿತ್ತು.

ಜಂದಿರಾ ಅದೇ ಮನೆಯ ಪಕ್ಕದ ಕೋಣೆಯವಳು. ಕೇಪ್ ವರ್ಡ್ ದ್ವೀಪಗಳಿಂದ ನರ್ಸಿಂಗ್ ಓದಲು ಬಂದಿದ್ದಳು. ಅವಳಿಗೆ ಕನಸು ಬೀಳುತ್ತಿದ್ದುದು ನಿದ್ದೆಯಲ್ಲಿ ಮಾತ್ರ, ಅದೂ ಅಪರೂಪಕ್ಕೆ. ಫುಲ್ವಿಯೊನ ಹಗಲುಗನಸುಗಳಲ್ಲಿ ನದಿಗೆ ಸೇರದ ಪಾಲೆಲ್ಲ ಜಂದಿರಾಳದೇ ಆಗಿತ್ತು. ಈ ವಿಷಯವನ್ನು ಅವಳಿಗೆ ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ. ಅಡುಗೆ ಮಾಡಿ ಹೇಳೋಣ ಎಂದುಕೊಂಡ. ಅದರಲ್ಲೂ ಮೊನ್ನೆ ಅವಳು, "ನಿಮ್ಮೂರಿನ ಪೆಸ್ಟೊ ಅಂದ್ರೆ ಸೊಪ್ಪಿನ ಚಟ್ನಿ ತಾನೇ?" ಎಂದುಬಿಟ್ಟಿದ್ದಳು. ಜೆನೋವಾದವನು ಏನನ್ನಾದರೂ ಸಹಿಸಿಯಾನು, ಈ ಮಾತನ್ನಲ್ಲ!

ಕಷ್ಟ ಬಂದದ್ದು ಸೊಪ್ಪಿನದು. ಪೆಸ್ಟೊ ಮಾಡಲು ಕಾಮಕಸ್ತೂರಿಯ ಎಲೆ ಬೇಕು. ಅದೂ ಎಳೆಯದು, ಪುಟಾಣಿಯದು. ಆದರೆ ಲಿಸ್ಬನ್ನಿನ ಅಂಗಡಿಗಳಲ್ಲಿ ಸಿಕ್ಕಿದ್ದೆಲ್ಲ ಆನೆಕಿವಿಯಂಥ ಎಲೆಗಳು. ಅಂಥದ್ದನ್ನು ಮುಟ್ಟಿದರೆ ಅಜ್ಜಿ ಜೆನೋವಾದಿಂದಲೇ ಕೈ ಚಾಚಿ ಕೆನ್ನೆಗೆ ಬಾರಿಸುತ್ತಾಳೆ ಎಂದು ಫುಲ್ವಿಯೊ ಬೆಳಿಗ್ಗೆಯೆಲ್ಲ ಅಲೆದು ಬರಿಗೈಯಲ್ಲಿ ವಾಪಸಾಗಿದ್ದ. ಅಡುಗೆಮನೆಗೆ ಕಾಲಿಟ್ಟವನೇ ನಿಂತುಬಿಟ್ಟ. ಕಿಟಕಿಯ ಮೇಲೆ ಮಣ್ಣಿನ ಪುಟ್ಟ ಕುಂಡ. ಅದರಲ್ಲಿ ಚೆಂಡಿನಂತೆ ದುಂಡಗಾದ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಎಲೆಗಳ ಕಾಮಕಸ್ತೂರಿ! ನಡುವೆ ಕಡ್ಡಿಗೆ ಸಿಕ್ಕಿಸಿದ ಕೆಂಪು ಕಾಗದದ ಹೂವು, ಪಕ್ಕದಲ್ಲೊಂದು ಕಾಗದದ ಬಾವುಟ. ಅಂಗಡಿಯವರ ಜಾಹೀರಾತು ಇರಬೇಕು ಎಂದುಕೊಂಡ.

ಕೇಳಿ ಕೀಳೋಣವೆಂದರೆ ಮನೆಯೊಡತಿ ದೋನಾ ಗ್ರಸಿಯೆಟ್ ನದಿಯಾಚೆ ತಂಗಿಯ ಮನೆಗೆ ಹೋಗಿದ್ದರು. ಅವರು ದಿನವೂ ಆ ಗಿಡಕ್ಕೆ ನೀರು ಹಾಕಿ, ಅಂಗೈಯಿಂದ ಮೆಲ್ಲಗೆ ಸವರಿ, ಅಂಗೈ ಮೂಸಿ ಕಣ್ಣು ಮುಚ್ಚಿಕೊಳ್ಳುವುದನ್ನು ಫುಲ್ವಿಯೊ ಕನಸಿನ ನಡುವೆ ಅರೆಗಣ್ಣಿನಲ್ಲಿ ಕಂಡಿದ್ದ; ಅದು ಕಾಮಕಸ್ತೂರಿ ಎಂದು ಹೊಳೆದದ್ದು ಈಗ. ಅಡುಗೆ ಸೊಪ್ಪನ್ನು ಇಷ್ಟು ಪ್ರೀತಿಸುವ ಮಹಾತಾಯಿ ಎಂದು ಮನಸ್ಸಿನಲ್ಲೇ ಕೈಮುಗಿದ. ಅಂಥವರು ನಾಲ್ಕು ಎಲೆಗೆ ಬೇಡವೆನ್ನುತ್ತಾರೆಯೇ?

ನಾಲ್ಕೇ ಎಲೆ ಎಂದು ಶುರು ಮಾಡಿದ. ಬೆರಳಿಗೆ ಆ ಪರಿಮಳ ಹತ್ತಿದ್ದೇ ತಡ, ಅಜ್ಜಿಯ ಅಡುಗೆಮನೆ ಕಣ್ಣ ಮುಂದೆ ಬಂತು. ಬಂದರಿನ ಗಾಳಿ ಬಂತು. ಹಾಯಿಗಳು ಬಂದವು. ಜಂದಿರಾ ಹಾಯಿದೋಣಿಯ ತುದಿಯಲ್ಲಿ ಕೂತು ಇವನನ್ನೇ ನೋಡಿ ನಗುತ್ತಿದ್ದಳು. ದೋಣಿ ತೇಲುತ್ತ ತೇಲುತ್ತ ದಡ ಸೇರಿದಾಗ ಕುಂಡದಲ್ಲಿ ಕಡ್ಡಿ ಮಾತ್ರ ಉಳಿದಿತ್ತು. ಪರವಾಗಿಲ್ಲ, ಮತ್ತೆ ಚಿಗುರುತ್ತದೆ ಎಂದು ಸಮಾಧಾನ ಮಾಡಿಕೊಂಡು, ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ, ಪೈನ್ ಬೀಜ, ಸೊಪ್ಪು, ಚೀಸು, ಆಲಿವ್ ಎಣ್ಣೆ ಹಾಕಿ ಕುಟ್ಟಿ, ಬೇಯಿಸಿದ ಪಾಸ್ತಾಗೆ ಕಲಸಿ ಮೇಜಿನ ಮೇಲಿಟ್ಟ. ಪರಿಮಳ ಓಣಿಯ ತುದಿಯವರೆಗೂ ಹೋಯಿತು.

ಜಂದಿರಾ ಪುಸ್ತಕ ಮುಚ್ಚಿದಳು. ಫೋರ್ಕಿಗೆ ಪಾಸ್ತಾ ಸುತ್ತಿದಳು. ಬಾಯಿಯ ಹತ್ತಿರ ತಂದಳು.

"ಘಮ ಅಂತೂ ಭರ್ಜರಿ. ಸೊಪ್ಪು ಎಲ್ಲಿ ಸಿಕ್ತೋ?"

"ಊರೆಲ್ಲ ಅಲೆದೆ. ನೋಡಿದ್ರೆ ಮನೇಲೇ ಇತ್ತು!" ಫುಲ್ವಿಯೊ ಹೆಮ್ಮೆಯಿಂದ ಕಿಟಕಿಯತ್ತ ಕೈ ತೋರಿಸಿದ.

ಅಲ್ಲಿ ಬೋಳು ಕಡ್ಡಿಗಳ ನಡುವೆ ಕಾಗದದ ಹೂವು ಒಂಟಿಯಾಗಿ ಅಲುಗುತ್ತಿತ್ತು. ಜಂದಿರಾಳ ಕೈಯಿಂದ ಫೋರ್ಕು ಜಾರಿತು.

"ಫುಲ್ವಿಯೊ, ಮಂಜೆರಿಕೊ ಕಿತ್ತೆಯಾ?"

"ಕಾಮಕಸ್ತೂರಿ ಕಿತ್ತೆ."

"ಅಯ್ಯೋ ದೇವರೇ! ಅದನ್ನ ಯಾರೂ ತಿನ್ನಲ್ಲ ಕಣೋ! ಮೂಗಿನ ಹತ್ರ ಕೂಡ ತರಲ್ಲ! ಮೂಗು ತಾಗಿದ್ರೆ ಬಾಡತ್ತೆ ಅಂತ ಅಂಗೈಲಿ ಸವರಿ ಅಂಗೈ ಮೂಸ್ತಾರೆ. ನೀನು ನೋಡಿದ್ರೆ ಬುಡಸಮೇತ..."

"ಬುಡ ಬಿಟ್ಟಿದ್ದೀನಿ," ಎಂದ ಫುಲ್ವಿಯೊ ಸಣ್ಣ ದನಿಯಲ್ಲಿ.

"ಸಂತ ಅಂತೋಣಿ ಹಬ್ಬದಲ್ಲಿ ಗಂಡಸರು ಮನಸ್ಸು ಕೊಟ್ಟವಳಿಗೆ ಕೊಡೋ ಗಿಡ ಅದು! ಅದೆಲೀನೊ ಕೊಟ್ಟಿದ್ದು! ನಿನಗೊಬ್ಬನಿಗೆ ಬಿಟ್ಟು ಇಡೀ ಓಣಿಗೇ ಗೊತ್ತು!"

ಸೆನ್ಯೋರ್ ಅದೆಲೀನೊ ಓಣಿಯ ಕೆಳಗಿನ ಮನೆಯವರು. ನದಿ ದಾಟಿಸುವ ದೋಣಿ ನಡೆಸಿ ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು. ಎಷ್ಟೋ ವರ್ಷಗಳಿಂದ ಪ್ರತಿ ಸಂಜೆ ಈ ಕಿಟಕಿಯ ಕೆಳಗೆ ನಿಂತು, ಟೋಪಿ ತೆಗೆದು, "ಇವತ್ತು ಗಾಳಿ ಚೆನ್ನಾಗಿದೆ, ದೋನಾ ಗ್ರಸಿಯೆಟ್," ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಮಾತು ಎಂದೂ ಹೊರಟಿರಲಿಲ್ಲ. ಈ ವರ್ಷ ಹಬ್ಬದ ದಿನ ಕಿವಿ ಕೆಂಪು ಮಾಡಿಕೊಂಡು ಈ ಕುಂಡವನ್ನು ಚಾಚಿದ್ದರು. ದೋನಾ ಗ್ರಸಿಯೆಟ್ಟರಿಗೆ ಬೇಡವೆನ್ನಲು ಮನಸ್ಸಿಲ್ಲ, ಹೂಂ ಎನ್ನಲು ಧೈರ್ಯವಿಲ್ಲ. "ಇದು ಹನ್ನೊಂದು ದಿನ ಬಿಟ್ಟು ಬರೋ ಸಂತ ಜುವಾಂವ್ ಹಬ್ಬದ ತನಕ ಹಸಿರಾಗಿದ್ರೆ, ಅವತ್ತು ಮೇಲಕ್ಕೆ ಊಟಕ್ಕೆ ಬನ್ನಿ. ಉತ್ತರ ಹೇಳ್ತೀನಿ," ಎಂದಿದ್ದರು. ಓಣಿಯ ಹೆಂಗಸರೆಲ್ಲ ಕಿಟಕಿಗಳಿಂದ ಚಪ್ಪಾಳೆ ತಟ್ಟಿದ್ದರು. ಫುಲ್ವಿಯೊ ಕೂಡ ಅಲ್ಲೇ ಇದ್ದ, ಆದರೆ ನದಿಯಲ್ಲಿ ಒಂದು ಹಡಗು ತಿರುಗುವುದನ್ನು ನೋಡುತ್ತಿದ್ದ.

"ಆ ಸಂತ ಜುವಾಂವ್ ಹಬ್ಬ ಯಾವತ್ತು?" ಜಂದಿರಾ ಇದನ್ನೆಲ್ಲ ಹೇಳಿದ ಮೇಲೆ ಕೇಳಿದ ಫುಲ್ವಿಯೊ.

"ಇವತ್ತು!"

ಫುಲ್ವಿಯೊ ಕುರ್ಚಿಯ ಮೇಲೆ ಕುಸಿದ. ದೋನಾ ಗ್ರಸಿಯೆಟ್ ತನಗೆ ಚಳಿಜ್ವರ ಬಂದಾಗ ತಲೆಯ ಹತ್ತಿರ ಕೂತು ಗಂಜಿ ಕುಡಿಸಿದ ಹೆಂಗಸು. ಅವರ ಜೀವನದಲ್ಲಿ ಮತ್ತೆ ಒಂದಿಷ್ಟು ಹಸಿರು ಚಿಗುರಿತ್ತು, ಅದನ್ನು ಇವನು ಬೆಳ್ಳುಳ್ಳಿಯ ಜೊತೆ ಕುಟ್ಟಿಬಿಟ್ಟಿದ್ದ. ನಾಚಿಕೆಯಿಂದ ಅವನಿಗೆ ಅಳುವೇ ಬಂತು.

"ಅಳೋದು ಆಮೇಲೆ. ಮೊದಲು ಇನ್ನೊಂದು ಗಿಡ ಹುಡುಕು!" ಎಂದು ಜಂದಿರಾ ಅಟ್ಟಿದಳು.

ಸಂತ ಅಂತೋಣಿ ಹಬ್ಬ ಮುಗಿದ ಮೇಲೆ ಮಂಜೆರಿಕೊ ಮಾರುವವರು ಎಲ್ಲಿರುತ್ತಾರೆ? ಹೂವಿನ ಅಂಗಡಿಯವಳು ನಕ್ಕಳು. ಇನ್ನೊಬ್ಬಳು ಪಾಪ ಎಂದಳು. ಒಂದು ಬಾಲ್ಕನಿಯಲ್ಲಿ ಕುಂಡ ಕಂಡು ಆಸೆಯಿಂದ ಕತ್ತೆತ್ತಿದರೆ ಅದು ಒಣಗಿ ಕಸಬರಿಕೆಯಾಗಿತ್ತು. ಕೊನೆಗೆ ಫುಲ್ವಿಯೊ ಮೂಲೆ ಅಂಗಡಿಯಿಂದ ಒಂದು ದೊಡ್ಡ ಕಟ್ಟು ಕೊತ್ತಂಬರಿ ಸೊಪ್ಪು ತಂದ.

"ಇದ್ಯಾಕೆ? ಸಾರು ಮಾಡ್ತೀಯಾ?"

"ಕಡ್ಡಿಗೆ ಕಟ್ಟೋಣ. ಕೆಳಗಿಂದ ನೋಡೋರಿಗೆ ಹಸಿರು ಹಸಿರೇ ತಾನೇ?"

ಜಂದಿರಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ನಿಟ್ಟುಸಿರು ಬಿಟ್ಟು ಸೂಜಿ ದಾರ ತಂದಳು. "ಗಾಯಕ್ಕೆ ಹೊಲಿಗೆ ಹಾಕೋದನ್ನ ಪರೀಕ್ಷೆಗೆ ಅಂತ ಕಲ್ತೆ. ಮೊದಲ ರೋಗಿ ಕೊತ್ತಂಬರಿ! ಅಲ್ಲಾಡದ ಹಾಗೆ ಹಿಡ್ಕೋ."

ಅವಳು ಹೊಲಿದಳು, ಅವನು ಹಿಡಿದ. ಇಬ್ಬರ ಬೆರಳುಗಳು ಆಗಾಗ ತಾಗುತ್ತಿದ್ದವು. ಕಿಟಕಿಯಾಚೆ ನದಿ ಹೊಳೆಯುತ್ತಿತ್ತು, ಯಾರೋ ಬಾಗಿಲಲ್ಲಿ ಒಲೆ ಹೂಡಿ ಮೀನು ಸುಡುತ್ತಿದ್ದರು, ದೂರದಲ್ಲಿ ಅಕಾರ್ಡಿಯನ್ ನುಡಿಯುತ್ತಿತ್ತು. ಇಷ್ಟು ದೊಡ್ಡ ಅಪರಾಧದ ನಡುವೆ ಇಷ್ಟು ಸುಖವಾಗುವುದು ತಪ್ಪೆಂದು ಫುಲ್ವಿಯೊನಿಗೆ ಗೊತ್ತಿತ್ತು. ಆದರೂ ಸುಖವಾಯಿತು.

"ಹಿಡ್ಕೋ ಅಂದೆ! ಎಲ್ಲಿಗೆ ಹೋದೆ?"

"ಇಲ್ಲೇ ಇದ್ದೀನಿ," ಎಂದ ಕನಸಿನ ದೋಣಿಯಿಂದ ಇಳಿದು.

ಬಿಸಿಲಿಗೆ ಕೊತ್ತಂಬರಿ ತಲೆ ಬಾಗಿಸಿತು. ಮೇಲೆ ಇನ್ನೊಂದು ಪದರ ಹೊಲಿದರು. ಅದೂ ಬಾಗಿತು. ಮತ್ತೊಂದು ಕಟ್ಟು ತಂದು ಮತ್ತೊಂದು ಪದರ ಹಾಕಿ ನೀರು ಚಿಮುಕಿಸಿದರು. ಸಂಜೆ ದೋನಾ ಗ್ರಸಿಯೆಟ್ ಮೀನಿನ ಚೀಲ ಹಿಡಿದು ಬರುವ ಹೊತ್ತಿಗೆ ಗಿಡ ಬೆಳಗಿನದಕ್ಕಿಂತ ಒಂದೂವರೆಪಟ್ಟು ಬೆಳೆದಿತ್ತು.

"ಮಕ್ಕಳೇ, ನೋಡ್ರೋ! ಒಂದೇ ದಿನದಲ್ಲಿ ಎಷ್ಟೆತ್ತರ ಬಂದಿದೆ! ಸಂತರ ಮಹಿಮೆ!" ಎಂದು ಶಿಲುಬೆಯ ಗುರುತು ಹಾಕಿಕೊಂಡರು. ಪುಣ್ಯಕ್ಕೆ ಕೈ ಮೀನಿನ ವಾಸನೆಯಾಗಿದ್ದರಿಂದ ಗಿಡ ಮುಟ್ಟಲಿಲ್ಲ. ಒಳಗೆ ಹೋಗಿ ಕೈ ತೊಳೆದು, ಒಳ್ಳೆಯ ನೀಲಿ ಉಡುಪು ತೊಟ್ಟು, ತುಟಿಗೆ ಬಣ್ಣ ಹಚ್ಚಿ, ಜಾಸ್ತಿಯಾಯಿತೆಂದು ಒರೆಸಿ, ಮತ್ತೆ ಹಚ್ಚಿಕೊಂಡು ಬಂದರು. ಅದನ್ನು ನೋಡಲಾಗದೆ ಫುಲ್ವಿಯೊ ಮುಖ ತಿರುಗಿಸಿದ.

ಬಾಗಿಲು ಬಡಿದ ಸದ್ದು. ಮದುವೆಯ ಕಾಲದ ಕೋಟು ತೊಟ್ಟು ಅದೆಲೀನೊ ನಿಂತಿದ್ದರು. ಒಳಗೆ ಬಂದವರೇ ಮಾತಿಗೆ ಮೊದಲು ಕಿಟಕಿಯತ್ತ ನಡೆದರು. ಮುಖ ಅರಳಿತು. ಅಂಗೈಯಿಂದ ಗಿಡವನ್ನು ಮೆಲ್ಲಗೆ ಸವರಿದರು. ಅಂಗೈ ಮೂಗಿಗೆ ತಂದರು.

ಅರಳಿದ ಮುಖ ಹಾಗೇ ಮುಚ್ಚಿಕೊಂಡಿತು.

"ಇದು ನಾನು ಕೊಟ್ಟಿದ್ದಲ್ಲ," ಎಂದರು ಅದೆಲೀನೊ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಸಂಕಟ. "ಅರ್ಥ ಆಯ್ತು ದೋನಾ ಗ್ರಸಿಯೆಟ್. ಬಾಯಿಬಿಟ್ಟು ಬೇಡ ಅನ್ನೋಕೆ ನಿಮಗೆ ಮನಸ್ಸು ಬಂದಿಲ್ಲ. ನಾನು ಬರ್ತೀನಿ." ಟೋಪಿ ಹಾಕಿಕೊಂಡು ಮೆಟ್ಟಿಲತ್ತ ತಿರುಗಿದರು.

"ಏನು ಹೇಳ್ತಿದ್ದಾರೆ ಇವರು?" ದೋನಾ ಗ್ರಸಿಯೆಟ್ ಗಾಬರಿಯಾಗಿ ಎಲ್ಲರ ಮುಖ ನೋಡಿದರು.

ಫುಲ್ವಿಯೊ ಓಡಿಹೋಗಿ ಮೆಟ್ಟಿಲಿಗೆ ಅಡ್ಡ ನಿಂತ. "ಹೋಗಬೇಡಿ ಸೆನ್ಯೋರ್! ಅವರದೇನೂ ತಪ್ಪಿಲ್ಲ! ಮಾಡಿದೋನು ನಾನು! ನಿಮ್ಮ ಪ್ರೀತೀನ ಬೆಳ್ಳುಳ್ಳಿ ಹಾಕಿ ಕುಟ್ಟಿಬಿಟ್ಟೆ!"

ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಎದುರು ಮನೆಯ ಕಿಟಕಿಯಿಂದ ಒಬ್ಬಳು ಕೇಳಿದಳು: "ಏನನ್ನ ಕುಟ್ಟಿದ್ನಂತೆ?"

"ಪ್ರೀತೀನಂತೆ!" ಎಂದಳು ಪಕ್ಕದವಳು.

ಫುಲ್ವಿಯೊ ಎಲ್ಲವನ್ನೂ ಒದರಿದ. ಜೆನೋವಾ, ಅಜ್ಜಿ, ಆನೆಕಿವಿ, ಕೊತ್ತಂಬರಿ. ಕೇಳುತ್ತ ಕೇಳುತ್ತ ದೋನಾ ಗ್ರಸಿಯೆಟ್ಟರ ಮುಖ ಬಿಳಿಚಿಕೊಂಡಿತು. ಕಿಟಕಿಯತ್ತ ಒಮ್ಮೆ ನೋಡಿ ಕೇಳಿದರು:

"ಎಲ್ಲಿದೆ?"

"ಏನು?"

"ನೀನು ಕುಟ್ಟಿದ್ದು."

"ಅಡುಗೆಮನೇಲಿ. ಯಾರೂ ತಿಂದಿಲ್ಲ."

"ಬಿಸಿ ಮಾಡಿ ಬಡಿಸು. ಅದೆಲೀನೊ, ಬನ್ನಿ, ಕೂತ್ಕೊಳ್ಳಿ. ಹೋಗೋದಾದ್ರೂ ಊಟ ಮಾಡಿಕೊಂಡು ಹೋಗಿ."

ನಾಲ್ವರೂ ಮೇಜಿಗೆ ಕೂತರು. ಅದೆಲೀನೊ ತಲೆ ತಗ್ಗಿಸಿ ಒಂದು ತಟ್ಟೆ ಖಾಲಿ ಮಾಡಿದರು. ಇನ್ನೂ ಬೇಕೇ ಎಂದು ಕೇಳಿದ್ದಕ್ಕೆ ಹೂಂ ಎಂದು ಇನ್ನೊಂದು ತಟ್ಟೆ ಖಾಲಿ ಮಾಡಿದರು. ಫುಲ್ವಿಯೊನ ಸೊರಗಿದ್ದ ಹೆಮ್ಮೆ ನಿಧಾನವಾಗಿ ಎದ್ದು ಕೂತಿತು. ಎಷ್ಟಾದರೂ ಅಜ್ಜಿಯ ಕೈಗುಣ! ಅಷ್ಟರಲ್ಲಿ ದೋನಾ ಗ್ರಸಿಯೆಟ್ ಮೊದಲ ತುತ್ತು ಬಾಯಿಗಿಟ್ಟು, ಅಗಿಯುವುದನ್ನು ಅರ್ಧಕ್ಕೇ ನಿಲ್ಲಿಸಿದರು.

"ಅದೆಲೀನೊ, ಇದಕ್ಕೆ ಉಪ್ಪು ಇದೆಯಾ?"

ಅದೆಲೀನೊ ತಟ್ಟೆಯನ್ನು ಆಗಷ್ಟೇ ಕಂಡವರಂತೆ ನೋಡಿದರು. "ಇಲ್ವಾ?"

ಫುಲ್ವಿಯೊ ನಾಲಿಗೆ ಕಚ್ಚಿಕೊಂಡ. ಪಾಸ್ತಾ ಬೇಯಿಸಿದ ನೀರಿಗೂ ಹಾಕಿರಲಿಲ್ಲ, ಕುಟ್ಟಾಣಿಗೂ ಹಾಕಿರಲಿಲ್ಲ. ಉಪ್ಪು ಹಾಕುವ ಹೊತ್ತಿನಲ್ಲಿ ಅವನು ನಡುನೀರಿನಲ್ಲಿದ್ದ.

"ಉಪ್ಪೇ ಇಲ್ಲದ್ದನ್ನ ಎರಡು ತಟ್ಟೆ ಹೇಗ್ರೀ ತಿಂದ್ರಿ?"

"ನೀವು ಎದುರಿಗೆ ಕೂತಿದ್ರಿ," ಎಂದರು ಅದೆಲೀನೊ, ತಟ್ಟೆಗೇ ಹೇಳುವವರಂತೆ. "ರುಚಿ ಕಡೆ ಗಮನ ಹೋಗ್ಲಿಲ್ಲ."

ದೋನಾ ಗ್ರಸಿಯೆಟ್ ಅವರನ್ನೇ ನೋಡಿದರು. ಆಮೇಲೆ ನಗು ಬಂತು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಹೋದ ನಮ್ಮ ಯಜಮಾನರು ಒಳ್ಳೆಯೋರೇ. ಆದ್ರೆ ಉಪ್ಪು ಒಂಚೂರು ಹೆಚ್ಚುಕಮ್ಮಿ ಆದ್ರೆ ವಾರವೆಲ್ಲ ಮಾತು ಬಿಡ್ತಿದ್ರು," ಎಂದು ಕಣ್ಣೊರೆಸಿಕೊಂಡರು. "ಗಿಡ ಹೋದ್ರೆ ಹೋಗ್ಲಿ ಬಿಡಿ. ನಾಳೆಯಿಂದ ಕಿಟಕಿ ಕೆಳಗೆ ನಿಂತು ಕತ್ತು ನೋಯಿಸ್ಕೋಬೇಡಿ. ಮೇಲಕ್ಕೇ ಬಂದುಬಿಡಿ."

ಅದೆಲೀನೊ ತಟ್ಟೆಯನ್ನು ಮೂರನೇ ಸಲ ಮುಂದಕ್ಕೆ ಚಾಚಿದರು.

ಫುಲ್ವಿಯೊ ಸಂತೋಷದಿಂದ ಉಸಿರು ಬಿಟ್ಟು, ಮೆಲ್ಲನೆ ಜಂದಿರಾಳ ತಟ್ಟೆಯತ್ತ ಕಣ್ಣು ಹಾಯಿಸಿದ. ಖಾಲಿ! ಒಂದೆಳೆ ಪಾಸ್ತಾ ಉಳಿದಿರಲಿಲ್ಲ! ಅವಳೂ ಉಪ್ಪಿನ ಸೊಲ್ಲೆತ್ತಿರಲಿಲ್ಲ! ಅವನ ಎದೆಯಲ್ಲಿ ಹಾಯಿಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡವು.

"ಜಂದಿರಾ," ಎಂದ ಅವಳತ್ತ ಬಾಗಿ, "ನೀನೂ... ಉಪ್ಪಿಲ್ಲ ಅಂತ ಹೇಳ್ಲೇ ಇಲ್ಲ. ಪೂರ್ತಿ ಖಾಲಿ ಮಾಡಿದ್ದೀಯ."

"ಓ, ಅದಾ?" ಎಂದಳು ಜಂದಿರಾ. "ಮೇಜಿನ ಕೆಳಗೆ ನೋಡು."

ಫುಲ್ವಿಯೊ ಬಗ್ಗಿ ನೋಡಿದ. ಮನೆಯ ಮುದಿ ಬೆಕ್ಕು ಹಸಿರು ಪಾಸ್ತಾದ ಗುಡ್ಡೆಯನ್ನು ಒಮ್ಮೆ ಮೂಸಿ, ಮುಖ ಆಚೆ ತಿರುಗಿಸಿ, ಅದರ ಮೇಲೆ ಮಣ್ಣು ಮುಚ್ಚುವಂತೆ ಕಾಲಿನಿಂದ ಪರಪರ ನೆಲ ಕೆರೆಯುತ್ತಿತ್ತು.