ಬಿಸಿನೀರು, ತಣ್ಣೀರು ಮತ್ತು ಸುಬ್ಬತ್ತೆಯ ಭುಜ

ಮೇಷ್ಟ್ರಾದವನಿಗೆ ಶಾಲೆಯಲ್ಲಿ ಆಗುವ ಸುಸ್ತು ಸುಸ್ತೇ ಅಲ್ಲ. ಕೊನೆಯ ಗಂಟೆ ಹೊಡೆದರೆ ಅರ್ಧ ಇಳಿದುಹೋಗುತ್ತದೆ. "ನೀವು ವಿಜ್ಞಾನ ಓದಿದವರಲ್ಲವೆ?" ಎಂದು ಮನೆಯವರು ಕೇಳಿದಾಗ ಹತ್ತುವ ಸುಸ್ತು ಮಾತ್ರ ಮೂಳೆಗೇ ಇಳಿಯುತ್ತದೆ. ಅರವತ್ತರ ದಶಕದಲ್ಲಿ ನಾನು ಸಾಗರದ ಹೈಸ್ಕೂಲೊಂದರಲ್ಲಿದ್ದಾಗ ಆ ಸುಸ್ತು ಸುಬ್ಬತ್ತೆಯ ರೂಪದಲ್ಲಿ ಮೇಳಿಗೆ ಊರಿನಿಂದ ಬಸ್ಸಿನಲ್ಲಿ ಬಂದಿಳಿಯಿತು. ಸುಬ್ಬತ್ತೆ ನನ್ನ ಅಪ್ಪನ ಅಕ್ಕ. ತಾಯಿಯಿಲ್ಲದ ನನ್ನನ್ನು ಎತ್ತಿ ಸಾಕಿದವಳು. ಕೊಟ್ಟಿಗೆಯಲ್ಲಿ ಜಾರಿ ಬಿದ್ದು, ಎತ್ತಿದ ಆ ಬಲಗೈಯೇ ಈಗ ಮೇಲೇಳದಂತಾಗಿತ್ತು. ಭುಜಕ್ಕೆ ದಿನಾ ಹದವಾದ ಬಿಸಿನೀರು ಧಾರೆಯಾಗಿ ಬೀಳದಿದ್ದರೆ ಕೈ ಹಾಗೇ ನಿಂತುಬಿಡುತ್ತದೆ ಎಂದರು ಡಾಕ್ಟರು.

ಬಕೆಟ್ಟಿನಲ್ಲಿ ಬೆರೆಸಿ ಹೊಯ್ದರೆ ಮುಗಿಯುತ್ತಿತ್ತು. ಆದರೆ ಅತ್ತೆಗೆ ಮಡಿ. "ನೀ ಕೈ ಹಾಕಿ ಕಲಸಿದ ನೀರು ಬ್ಯಾಡ ಮಾಣಿ. ಹರಿದು ಬಂದ್ರೆ ಅಡ್ಡಿಲ್ಲೆ" ಎಂದಳು. ಮಾಣಿಗೆ ಆಗಲೇ ತಲೆ ನರೆತಿತ್ತು. ಬಚ್ಚಲಿನ ಗೋಡೆಗೆ ತೂತು ಕೊರೆದು ಎರಡು ತಗಡಿನ ಕೊಳವೆ ತೂರಿಸಿದೆ. ಹೊರಗೆ ಹಂಡೆಯ ಪಕ್ಕ ನಿಂತು ಒಂದಕ್ಕೆ ಬಿಸಿನೀರು, ಇನ್ನೊಂದಕ್ಕೆ ತಣ್ಣೀರು ನಾನು ಹೊಯ್ಯಬೇಕು. ಒಳಗೆ ಎರಡೂ ಒಂದೇ ಮೂತಿಯಲ್ಲಿ ಸೇರಿ ಅತ್ತೆಯ ಮೇಲೆ ಬೀಳಬೇಕು. ಒಂದು ಕೊಳವೆಯ ನೀರು ಇನ್ನೊಂದರೊಳಗೆ ಹಿಂದಕ್ಕೆ ನುಗ್ಗದಿರಲೆಂದು ಮೂತಿಯೊಳಗೆ ಎರಡು ನೀರಿನ ನಡುವೆ ತೆಳು ತಗಡಿನ ಅಡ್ಡಗೋಡೆ. ನೀರು ಸರಾಗ ಬೀಳಲೆಂದು ಅದರ ತುದಿಯ ಅಂಚನ್ನು ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿದ್ದೆ.

ಮೊದಲ ದಿನವೇ ಒಳಗಿಂದ ಕೂಗು ಬಂತು: "ಅಯ್ಯೋ ಮಾಣಿ, ಒಂದು ಬದಿ ಬೇಯ್ತು, ಇನ್ನೊಂದು ಬದಿ ಮರಗಟ್ತು!"

ನಯವಾದ ಅಂಚಿನಿಂದ ಜಾರಿದ ಎರಡು ನೀರೂ, ಮಾತು ಬಿಟ್ಟ ಓರಗಿತ್ತಿಯರಂತೆ, ಒಂದರ ಪಕ್ಕ ಒಂದು ಬೀಳುತ್ತಿದ್ದವು, ಬೆರೆಯುತ್ತಿರಲಿಲ್ಲ. ಮೆಲ್ಲಗೆ ಹೊಯ್ದೆ, ಜೋರಾಗಿ ಹೊಯ್ದೆ, ಅಂಚನ್ನು ಇನ್ನಷ್ಟು ಉಜ್ಜಿದೆ. ಕೂಗು ತಪ್ಪಲಿಲ್ಲ. "ಮಕ್ಕಳಿಗೆ ವಿಜ್ಞಾನ ಕಲಿಸ್ತ್ರಲ, ಎರಡು ನೀರು ಕೂಡ್ಸಲೆ ಬತ್ತಿಲ್ಯ ನಿಮಗೆ?" ಎಂದಳು ಹೆಂಡತಿ. ಅತ್ತೆ ಮಾತ್ರ ಸಣ್ಣ ದನಿಯಲ್ಲಿ, "ಬಿಡು, ನಾ ಊರಿಗೆ ಹೋಗ್ತಿ. ಕೈ ಹೋದ್ರೆ ಹೋತು" ಎಂದಳು. ಆ ಮಾತು ನನ್ನನ್ನು ಚುಚ್ಚಿತು.

ಸಿಟ್ಟಿನಲ್ಲಿ ಹೆಂಡತಿಯ ಕತ್ತರಿ ಎಳೆದುಕೊಂಡು ಆ ಚಂದದ ಅಂಚನ್ನು ಕಚಕಚನೆ ಕತ್ತರಿಸಿ ಗರಗಸದ ಹಲ್ಲಿನಂತೆ ಮಾಡಿದೆ. ಒಂದು ಹಲ್ಲು ಬಿಸಿನೀರಿನ ಕಡೆಗೆ, ಮುಂದಿನದು ತಣ್ಣೀರಿನ ಕಡೆಗೆ ಬಾಗಿಸಿದೆ. ನೀರು ಹೊಯ್ದು, ಕೂಗಿಗಾಗಿ ಕಾದೆ. ಕೂಗಿಲ್ಲ. ಹೆದರಿ, "ಅತ್ತೆ, ಎಂತಾತು?" ಎಂದೆ.

"ಸುಮ್ನೆ ಹೊಯ್ಯಿ ಮಾರಾಯ. ಈಗ ಹದ ಬಂತು."

ಒಂದೊಂದು ಹಲ್ಲೂ ಒಂದೊಂದು ಪುಟ್ಟ ಸುಳಿ ಎಬ್ಬಿಸಿ ಬಿಸಿಯನ್ನು ತಂಪಿನೊಳಗೆ ತಿರುಚುತ್ತಿತ್ತು. ಹಂಡೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಾನೊಬ್ಬ ವಿಜ್ಞಾನಿಯೇ ಆಗಿಬಿಟ್ಟೆ ಎಂದುಕೊಂಡೆ. ಮಳೆಗಾಲವಿಡೀ ಹೊಯ್ದೆ. ರಟ್ಟೆ ಬಿದ್ದುಹೋಯಿತು.

ಹೊರಡುವ ದಿನ ಅತ್ತೆ ಬಲಗೈಯನ್ನು ಮೆಲ್ಲಗೆ ಎತ್ತಿ ನನ್ನ ತಲೆಯ ಮೇಲಿಟ್ಟಳು. ಅವಳ ಗಂಟು ಹೊತ್ತು ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸು ಹತ್ತಿದ ಮೇಲೆ ಅತ್ತೆ ಪಕ್ಕದ ಸೀಟಿನ ಹೆಂಗಸಿಗೆ ಕಿಟಕಿಯಿಂದ ನನ್ನನ್ನು ತೋರಿಸಿ, "ಇಂವ ಎಂಗಳ ಮಾಣಿ. ನೀರು ಹೊಯ್ಯದು ಭಾರೀ ಚಲೋ ಹೊಯ್ತ. ನಿಂಗಕ್ಕೂ ಸೊಂಟನೋವು ಅಂದ್ರಲೆ, ಒಂದು ತಿಂಗಳು ಇಲ್ಲಿ ಬಂದು ಇದ್ದು ಹೋಗಿ" ಎನ್ನುತ್ತಿದ್ದಳು. ಆ ಹೆಂಗಸು ಆಗಲೇ ನನ್ನ ಮನೆ ಯಾವ ಬೀದಿ ಎಂದು ವಿಚಾರಿಸತೊಡಗಿದ್ದಳು.